ಒಂದು ದಿನ ಹಿಂದಿರುವ ಊರಿನಿಂದ

ಲೆಫಗಾ, ಸಮೋವಾ
20 ಸೆಪ್ಟೆಂಬರ್ 1982

ನನ್ನ ಮುದ್ದು ಲೆಪೆಕಾ,

ಈ ಕಾಗದ ಕೈ ಸೇರುವಷ್ಟರಲ್ಲಿ ನಿನ್ನ ಅಳು ನಿಂತಿರಲಿ. ಚಿಕ್ಕಮ್ಮ ಪೆನಿನಾ ಮಾಡಿದ ಊಟ ಬಿಡಬೇಡ. ಅವಳು ಬೇಯಿಸಿದ ಗೆಡ್ಡೆ ಕಲ್ಲಿನ ಹಾಗಿದ್ದರೂ ನುಂಗು.

ಜುಲೈಯಲ್ಲಿ ತೀರ್ಪು ಬಂದ ದಿನ ನೆನಪಿದೆಯೇ? ನ್ಯೂಜಿಲೆಂಡ್ ಸಮೋವಾವನ್ನು ಆಳುತ್ತಿದ್ದಾಗ ಇಲ್ಲಿ ಹುಟ್ಟಿದವರೆಲ್ಲ ಅದರ ಪ್ರಜೆಗಳೇ ಎಂದು ಕೋರ್ಟು ಹೇಳಿದ್ದನ್ನು ನೀನೇ ಪೇಪರ್ ಓದಿ ತಿಳಿಸಿದೆ. ಹದಿಮೂರು ವರ್ಷ ಆಕ್ಲೆಂಡಿನಲ್ಲಿ ಪರವಾನಗಿಯಿಲ್ಲದೆ ಇದ್ದು, ಬಾಗಿಲು ಬಡಿದ ಸದ್ದಾದರೆ ಹಿತ್ತಲಿಗೆ ಓಡುತ್ತಿದ್ದವಳು ಅಂದು ಬಾಗಿಲು ತೆರೆದಿಟ್ಟೇ ಇಸ್ತ್ರಿ ಮಾಡಿದೆ. ಆ ಧೈರ್ಯದ ಮೇಲೆಯೇ ಆಗಸ್ಟಿನಲ್ಲಿ ನಿನ್ನ ಮಾವ ತಾವಿತಾನ ಮಣ್ಣಿಗೆ ಹೊರಟು ಬಂದದ್ದು.

ಹಿರಿಯಕ್ಕನಾದ ನಾನು ಎದುರಿಗೆ ಕೂರದೆ, ಸತ್ತವನ ಹೆಸರಿನಲ್ಲಿ ನೆಂಟರಿಗೆ ಕೊಡುವ ನಯಚಾಪೆಗಳನ್ನು ಹಂಚುವಂತಿಲ್ಲ. ದೂರದ ದ್ವೀಪದ ನೆಂಟರು ತಡಮಾಡಿದರು. ಅಷ್ಟರಲ್ಲಿ ಹೊಸ ಕಾನೂನಿನ ಸುದ್ದಿ ಹೊತ್ತು ನಿನ್ನ ಕಾಗದ ಬಂತು: ಸೆಪ್ಟೆಂಬರ್ ಹದಿನಾಲ್ಕರಂದು ನ್ಯೂಜಿಲೆಂಡಿನ ನೆಲದಲ್ಲಿ ಇದ್ದವರಿಗಷ್ಟೇ ಆ ಹಕ್ಕು, ಉಳಿದವರಿಗೆ ಇಲ್ಲ. ಹೊರಡುತ್ತೇನೆಂದರೆ ತಾವಿತಾನ ಹೆಂಡತಿ, ನಿನ್ನ ಅತ್ತೆ, "ನ್ಯೂಜಿಲೆಂಡ್ ಏನು ನಿನ್ ದಾರಿ ಕಾಯ್ತಾ ಕೂತಿದ್ಯಾ? ಚಾಪೆ ಹಂಚಿ ಹೋಗು" ಎಂದು ಚುಚ್ಚಿದಳು.

ಶನಿವಾರ ಹಂಚಿದೆವು. ಸೋಮವಾರದ ವಿಮಾನದಲ್ಲಿ ಜಾಗವಿತ್ತು. ನಾನು ಮಂಗಳವಾರದ್ದು ಹತ್ತಿದೆ. ಇಲ್ಲಿನ ಗೋಡೆಯ ಕ್ಯಾಲೆಂಡರಿನಲ್ಲಿ ಅಂದೇ ಹದಿನಾಲ್ಕು. ನಮ್ಮೂರು ನಿಮ್ಮೂರಿಗಿಂತ ಒಂದು ದಿನ ಹಿಂದೆ ಎಂಬುದು ಇಲ್ಲೇ ಹುಟ್ಟಿದ ನನಗೆ ಮರೆತುಹೋಯಿತು ನೋಡು. ನಿಮ್ಮಲ್ಲಿ ಆಗಲೇ ಹದಿನೈದು.

ಆಕ್ಲೆಂಡಿನ ವಿಮಾನ ನಿಲ್ದಾಣದ ಅಧಿಕಾರಿ ಕೆಟ್ಟವನಲ್ಲ. ಟೀ ತರಿಸಿಕೊಟ್ಟ. ನಾನು ಹತ್ತಿದಾಗ ಹದಿನಾಲ್ಕೇ ಇತ್ತಲ್ಲ ಎಂದೆ. "ಇರ್ಬಹುದಮ್ಮ, ಕಾನೂನು ಇಲ್ಲಿನ ದಿನ ನೋಡುತ್ತೆ" ಎಂದ. ಹಾಗಾದರೆ ಕೋರ್ಟು ಹೇಳಿದ್ದು? ಅದು ಜುಲೈಯ ಮಾತು ಎಂದುಬಿಟ್ಟ. ಗಾಜಿನಾಚೆ ನೀನು ಹೂಮಾಲೆ ಹಿಡಿದು ನಿಂತಿದ್ದೆ. ನಾನು ಕೈ ಬೀಸಿದೆ. ನೀನು ಬೇರೆ ಬಾಗಿಲ ಕಡೆ ನೋಡುತ್ತಿದ್ದೆ. ಅದೇ ವಿಮಾನದಲ್ಲಿ ನನ್ನನ್ನು ವಾಪಸು ಕೂರಿಸಿದರು.

ಅರ್ಜಿ ಹಾಕಬಹುದಂತೆ, ಪಾದ್ರಿಗಳು ಬರೆದುಕೊಡುತ್ತಾರೆ. ಆದರೆ ಹದಿಮೂರು ವರ್ಷ ಕದ್ದು ಬದುಕಿದವಳು ಎಂಬುದು ಅವರ ಕಡತದಲ್ಲಿದೆ. ನನಗೆ ಆಸೆಯಿಲ್ಲ ಮಗಳೇ. ನೀನು ಶಾಲೆ ಬಿಟ್ಟು ಇಲ್ಲಿಗೆ ಬರಬೇಡ. ಅಲ್ಲೇ ಹುಟ್ಟಿದ ನಿನ್ನನ್ನು ಯಾವ ಕಾನೂನೂ ಅಲ್ಲಾಡಿಸದು ಎಂದು ಬರೆಯಹೊರಟೆ. ಜುಲೈಯಲ್ಲಿ ನನಗೂ ಹಾಗೆಯೇ ಅನಿಸಿತ್ತು.

ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಜಡೆ ಹೆಣೆಯಲು ಕೈ ಹಾತೊರೆಯುತ್ತದೆ.

ನಿನ್ನ ಅಮ್ಮ,
ಸೆಫಿನಾ

ತಾ.ಕ.: "ಹದಿನಾಲ್ಕಕ್ಕೆ ವಿಮಾನ ಹತ್ತಮ್ಮ" ಎಂದು ನೀನೇ ಬರೆದಿದ್ದೆ ಎಂದು ಮುಂದೆಂದಾದರೂ ನೆನಪಾದರೆ ನಂಬಬೇಡ. ನೀನು ಹಾಗೆ ಬರೆದಿರಲೇ ಇಲ್ಲ. ಆ ಕಾಗದವನ್ನು ಒಲೆಗೆ ಹಾಕಿದ್ದೇನೆ.