ಕೊಂಡಿಗೆ ಬೇಕಾದ ಆಟ

ಪ್ರೀತಿಯ ಮಾವ,

ನಿಮ್ಮ ವರ್ಷದ ತಿಥಿ ಕಳೆದು, ಈ ದಸರಾಕ್ಕೆ ಮತ್ತೆ ಗೊಂಬೆ ಕೂರಿಸಿದೆವು. ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸಿದೆ, ಮೆಟ್ಟಿಲಿಗೆ ಬಿಳಿ ಪಂಚೆ ಹಾಸಿದೆ. ನಿಮ್ಮ ಪುಟ್ಟ ರೈಲನ್ನಿಟ್ಟ ಡಬ್ಬವನ್ನು ಅಟ್ಟದಿಂದ ಇಳಿಸಲು ಮಾತ್ರ ಮನಸ್ಸು ಬರಲಿಲ್ಲ. ನಿನ್ನೆ ಇಳಿಸಿದೆ. ಅದಕ್ಕೇ ಈ ಕಾಗದ.

ಸೊಸೆಯಾಗಿ ಒಂಟಿಕೊಪ್ಪಲಿನ ಮನೆಗೆ ಬಂದ ಮೊದಲ ನವರಾತ್ರಿ ನಿಮಗೆ ನೆನಪಿದೆಯೆ? ಆರತಿಗೆ ಬಂದ ಹೆಂಗಸರು ಗೊಂಬೆ ಬಿಟ್ಟು ಮೆಟ್ಟಿಲ ಸುತ್ತ ಓಡುವ ನಿಮ್ಮ ಪುಟ್ಟ ರೈಲನ್ನೇ ನೋಡುತ್ತಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ನಿಜವಾದ ಬೋಗಿಗಳನ್ನು ರಿಪೇರಿ ಮಾಡಿ ನಿವೃತ್ತರಾದವರು ನೀವು. ಗೇಣುದ್ದದ ಐದು ಬೋಗಿಗಳ ಮುಂದೆ ಮಂಡಿಯೂರಿ ಕೂತು ಕೊಂಡಿಗಳನ್ನು ತಟ್ಟಿ ನೋಡುತ್ತಿದ್ದಿರಿ. "ಗಾರ್ಡ್ ಸಾಹೇಬ್ರೇ, ಊಟಕ್ಕೆ ಬನ್ನಿ" ಎಂದು ನಾನು ಕರೆದರೆ "ಇನ್ನೂ ಸಿಗ್ನಲ್ ಬಿದ್ದಿಲ್ಲ ಕಣಮ್ಮ" ಎನ್ನುತ್ತಿದ್ದಿರಿ.

ನಿಮ್ಮ ಕೊನೆಯ ದಸರಾಕ್ಕೆ, ಹಳೆಯವು ಸವೆದಿವೆಯೆಂದು ಹೊಸ ಕೊಂಡಿ ತರಿಸಿದಿರಿ. ಸಾಸಿವೆಯಷ್ಟು ಸ್ಕ್ರೂ. ಕೈ ಆಗಲೇ ನಡುಗುತ್ತಿತ್ತು. ನಾನು ಹಾಕಿಕೊಡಲೇ ಎಂದರೆ ಬಿಡಲಿಲ್ಲ. ಎರಡು ದಿನ ಹಿಡಿಯಿತು. ಮುಗಿದ ಮೇಲೆ ನೋಡಿದರೆ ಐದೂ ಅತ್ತಿತ್ತ ಅಲ್ಲಾಡುತ್ತಿದ್ದವು. "ಲೊಡಲೊಡ ಅಂತಿದೆಯಲ್ಲ ಮಾವ" ಎಂದೆ. "ಸ್ವಲ್ಪ ಆಟ ಇರ್ಲಿ ಬುಡಮ್ಮ" ಎಂದಿರಿ. ವಯಸ್ಸಾದವರಿಗೂ ಆಟ ಬೇಕು ಎಂದು ತಮಾಷೆ ಮಾಡಿ, ಕೈಲಾಗದ್ದನ್ನು ಮುಚ್ಚಿಕೊಳ್ಳುತ್ತಿದ್ದೀರಿ ಅಂದುಕೊಂಡೆ. ದಿನವಿಡೀ ರವಿಕೆ ಹೊಲಿಯುವವಳು ನಾನು, ಅಲ್ಲಾಡುವ ಹುಕ್ಕು ಕಂಡರೆ ಸುಮ್ಮನಿರಲಾಗದು. ಮಧ್ಯಾಹ್ನ ನೀವು ಮಲಗಿದಾಗ ಮುಂದಿನ ಎರಡು ಬೋಗಿಗಳ ಕೊಂಡಿಗೆ ಒಂದೊಂದು ತೊಟ್ಟು ಅಂಟು ಬಿಟ್ಟೆ. ಅಷ್ಟರಲ್ಲಿ ನೀವು ಎದ್ದಿರಿ. ಹಿಂದಿನ ಮೂರು ಹಾಗೇ ಉಳಿದವು.

ಸಂಜೆ ಬಂದವರ ಮುಂದೆ, ಮೊದಲ ತಿರುವಿನಲ್ಲೇ ಆ ಎರಡು ಬೋಗಿಗಳು ಹಳಿ ತಪ್ಪಿ ಮಗುಚಿದವು. ಎತ್ತಿ ನಿಲ್ಲಿಸಿದಿರಿ, ಮತ್ತೆ ಬಿದ್ದವು. ನೀವು ಕೊಂಡಿಯನ್ನು ನೋಡಲಿಲ್ಲ, ನಿಮ್ಮ ಕೈಗಳನ್ನು ನೋಡಿಕೊಂಡಿರಿ. "ಈ ಕೈಯಿಂದ ಇನ್ನಾಗಲ್ಲ ಕಣಮ್ಮ, ಎತ್ತಿಟ್ಬುಡು." ನಾನೇಕೆ ಆಗಲೇ ಹೇಳಲಿಲ್ಲ? ಭದ್ರ ಮಾಡಿದ್ದಕ್ಕೇ ಬಿತ್ತೆಂದು ತೋಚಲೇ ಇಲ್ಲ ಮಾವ. ಐದಕ್ಕೂ ಅಂಟು ಹಾಕಿದ್ದರೆ ಬೀಳುತ್ತಿರಲಿಲ್ಲವೇನೋ ಎಂದೇ... ಸಂಕ್ರಾಂತಿಯ ಹೊತ್ತಿಗೆ ನೀವೇ ಇರಲಿಲ್ಲ.

ನಿನ್ನೆ, ಪೊಟ್ಟಣದಲ್ಲಿ ಮಿಕ್ಕಿದ್ದ ಹೊಸ ಕೊಂಡಿಗಳನ್ನು ಆ ಎರಡು ಬೋಗಿಗಳಿಗೆ ಹಾಕಲು ಕೂತರೆ, ನಾನು ಅಂಟು ಹಾಕಿದ್ದವು ಬಿಚ್ಚಲು ಬರಲಿಲ್ಲ. ಬ್ಲೇಡಿನಿಂದ ಅಂಟು ಕೆರೆಯುತ್ತ, ಇದು ತಿರುವಿನಲ್ಲಿ ಯಾಕೆ ಬೀಳುತ್ತಿತ್ತು ಎಂದು ನಿಮ್ಮ ಮಗನನ್ನು ಕೇಳಿದೆ.

"ಅಂಟು ಹಾಕಿದ್ಯಾ? ಕೊಂಡಿಗೆ ಆಟ ಇಲ್ದಿದ್ರೆ ಬೋಗಿ ಹೆಂಗೆ ತಿರುಗುತ್ತೆ? ನೀನು ರವಿಕೆ ತೋಳಿಗೆ ಅರ್ಧ ಇಂಚು ಲೂಸ್ ಬಿಡಲ್ವಾ, ಹಂಗೇ ಕಣೆ. ವರ್ಕ್‌ಶಾಪ್‌ನಲ್ಲಿ ಆ ಲೂಸಿಗೇ ಆಟ ಅಂತಾರೆ."

ನೀವು ಅಂದು ತಮಾಷೆ ಮಾಡಿರಲಿಲ್ಲ. ಬೇಕೆಂದೇ ಸಡಿಲ ಬಿಟ್ಟಿದ್ದಿರಿ. ತಪ್ಪು ನಿಮ್ಮ ಕೈಯದಲ್ಲ ಮಾವ, ನನ್ನದು. ಇದನ್ನು ತಿಳಿಯದೆಯೇ ಹೋದಿರಲ್ಲ ಎಂದು ಬ್ಲೇಡು ಕೆಳಗಿಟ್ಟು ಅತ್ತುಬಿಟ್ಟೆ.

ಆಮೇಲೆ ಆ ಎರಡನ್ನು ಮಾತ್ರ ಬದಲಾಯಿಸಿದೆ, ನೀವು ಹೇಳಿದಂತೆ ಆಟ ಬಿಟ್ಟು. ನಿಮ್ಮ ನಡುಗುವ ಕೈ ಹಾಕಿದ ಹಿಂದಿನ ಮೂರನ್ನು ಮುಟ್ಟಲಿಲ್ಲ, ಇನ್ನು ಮುಟ್ಟುವುದೂ ಇಲ್ಲ. ಸಂಜೆ ಆರತಿಯ ಹೊತ್ತಿಗೆ ರೈಲು ಗೊಂಬೆಗಳ ಸುತ್ತ ಮತ್ತೆ ಓಡಿತು. ನಾನು ಹಾಕಿದ ಕೊಂಡಿಗಳು ಎರಡು ಸಲ ಕಳಚಿದವು. ನಿಮ್ಮವು ಮೂರೂ ಒಂದು ಸಲವೂ ಇಲ್ಲ.