ನಿನ್ನ ಎಂಜಿನ್ನಿನಲ್ಲಿ ಏನೂ ಇರಲಿಲ್ಲ

ರೈಮೊ,

ಇದನ್ನು ನಿನಗೆ ಕಳಿಸುವುದಿಲ್ಲ. ಅಷ್ಟು ಖುಷಿಯನ್ನು ನಿನಗೆ ಕೊಡಲಾರೆ.

ನಿನ್ನ ಕಾರಿನ ಎಂಜಿನ್ನನ್ನು ಇವತ್ತು ಕಳಚಿ ಹಳೇ ಟೈರಿನ ಮೇಲೆ ಕೂರಿಸಿದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ತಂತಿ ಕೊಟ್ಟು, ಪ್ಲಗ್ಗು ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಮೀಟರು ಸಿಕ್ಕಿಸಿ ಒತ್ತಡ ನೋಡಿದೆ. ಮೂರು ಸುಮಾರಾಗಿವೆ. ನಾಲ್ಕನೆಯದರಲ್ಲಿ ಮುಳ್ಳು ಅರ್ಧಕ್ಕೇ ನಿಂತಿತು. ಒಳಗೆ ಒಂದು ಚಮಚ ಎಣ್ಣೆ ಬಿಟ್ಟು ತಿರುಗಿಸಿದರೆ ಸರ್ರನೆ ಏರಿತು. ಅಂದರೆ ಪಿಸ್ಟನ್ನಿನ ಉಂಗುರಗಳು ಸವೆದುಹೋಗಿವೆ. ಮೀಟರೇ ಕೆಟ್ಟಿರಬೇಕೆಂದು ನನ್ನ ಎಂಜಿನ್ನಿಗೂ ಹಾಕಿ ನೋಡಿದೆ. ನನ್ನದು ನಾಲ್ಕೂ ಗಟ್ಟಿಯಾಗಿವೆ.

ತಂತಿ ಹಿಡಿದು ನಿಂತಿದ್ದ ಹಿಲ್ಕಾ ಕೇಳಿದಳು, "ಇದಕ್ಕೋಸ್ಕರ ಅವನ ಕಾರು ಕಿತ್ಕೊಂಡ್ಯಾ?"

"ಕಿತ್ಕೊಂಡಿಲ್ಲ. ರೇಸ್ ಮುಗಿದ್ಮೇಲೆ ಯಾರು ಕೇಳಿದ್ರೂ ನಿಗದಿ ಬೆಲೆಗೆ ಕಾರು ಕೊಡ್ಲೇಬೇಕು. ನಮ್ಮ ಆಟದ ನಿಯಮಾನೇ ಅದು."

"ಮದುವೆಯಾದಾಗಿಂದ ಕೇಳ್ತಿದೀನಿ ನಿನ್ನ ನಿಯಮಾನ. ಇಡೀ ಲಪುವಾ ಊರಲ್ಲಿ ಬೇರೆ ಯಾರಾದ್ರೂ ಅವನ ಕಾರು ಕೇಳಿದ್ರಾ?"

ಕೇಳಿರಲಿಲ್ಲ. ಅವರೆಲ್ಲ ನಿನ್ನ ಜೊತೆ ಕೂತು ಸಾಸೇಜ್ ತಿನ್ನುತ್ತಿದ್ದರು. ನಾನು ಕಾರು ಕೇಳಿದಾಗ ನೀನಾದರೂ ಬೈಯಬಹುದಿತ್ತು. ಅದು ಬಿಟ್ಟು, ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, "ಎರಡನೇ ಗೇರು ಸ್ವಲ್ಪ ಜಗ್ಗತ್ತೆ, ನೋಡ್ಕೊ" ಅಂದೆ. ಅಲ್ಲಿಂದ ನೀನು ನಡೆದೇ ಮನೆಗೆ ಹೋದೆ. ಆಮೇಲೆ ಟ್ರ್ಯಾಕಿನ ಕಡೆ ತಲೆ ಹಾಕಿಲ್ಲ.

ಇಷ್ಟು ಬೇಸಿಗೆ ನಾನು ನಿನ್ನ ಹಿಂದೆ ಧೂಳು ಕುಡಿದದ್ದು ಈ ಸವೆದ ಕಬ್ಬಿಣಕ್ಕೇನು? ಆ ಕೊನೆಯ ತಿರುವನ್ನು ನೀನು ಇದರಲ್ಲಿ ಹೇಗೆ ಹೊಡೆಯುತ್ತಿದ್ದೆ, ಮಾರಾಯ?

ಹೋದ ಭಾನುವಾರ ನಾನು ಗೆದ್ದೆ. ಶುರುವಿನಿಂದ ಕೊನೆಯತನಕ ನನ್ನ ಗಾಜಿನ ಮೇಲೆ ಒಂದು ಚೂರೂ ಧೂಳು ಬೀಳಲಿಲ್ಲ.