ಅವ್ವ ನಿಂತ ಅಂಚು

ಅಪ್ಪಾ,

ನಾಳೆ ಅವ್ವನ ದಿನಕರ್ಮಕ್ಕ ಫೋಟೊ ಬೇಕಲ್ಲ, ಮಾಡಿಸಾಕ ಹಾನಗಲ್ಲಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಯಾಕ ಉಪ್ಪು ಹಾಕೇನೋ ಇಲ್ಲೋ ನೆನಪಿಲ್ಲ, ನೋಡಿ ಹಾಕ್ಕೊ.

ನಿನ್ನ ಸ್ಟುಡಿಯೋದ ಹಳೇ ಲೆನ್ಸ್ ರಿಪೇರಿ ಮಾಡ್ತೇನಿ ಅಂತ ಈಗ ಬಿಚ್ಚಾಕ ಹೋಗಬ್ಯಾಡ. ಎರಡು ಗಾಜಿನ ನಡುವಿನ ಅಂಟು ಅಂಚಿಗೆಲ್ಲಾ ಬಿಟ್ಟೈತಿ, ಸುತ್ತಲಿನ ಕರೀ ಬಣ್ಣಾನೂ ಉದುರೈತಿ. ಫೋಟೊದ ಅಂಚೆಲ್ಲಾ ಮಂಜಾಗಿ ಬರ್ತೈತಿ, ಮಾಡ್ಸು ಅಂತ ಎಷ್ಟು ವರ್ಷ ಹೇಳಿದೆ. "ನಡುವ ಚೊಲೋ ಬರ್ತೈತಿ, ಸಾಕು" ಅಂದಿ.

ನಿನ್ನೆ ಮನ್ಯಾಗಿನ ಫೋಟೊ ಎಲ್ಲಾ ತಗದು ನೋಡಿದೆ. ಎಲ್ಲಾದ್ರಾಗೂ ನಮ್ಮನ್ನ ನಡುವ ನಿಲ್ಲಿಸಿ ಅವ್ವ ಕಡೀಕ ನಿಂತಾಳ. ಮಕ ಬರೇ ಮಂಜು. ನನಗ ಅಳೂನೂ ಬರಲಿಲ್ಲ.

ಅಕಿ ಆಧಾರ್ ಕಾರ್ಡ್ ಒಯ್ದೇನಿ, ಹುಡುಕಬ್ಯಾಡ. ಅದೊಂದರಾಗ ಅಷ್ಟ ಅಕಿ ನಡುವ ಅದಾಳ.

ಹೇಮಾ